ಇಪ್ಪತ್ತೆಂಟು ಸೆಕೆಂಡಿನ ಬೀಗತಿ

ಗುತ್ತೆವ್ವ ಮತ್ತು ಹೊಳೆವ್ವ ಎದುರುಬದುರು ಕೂತು ಹಾಡಿದ್ದು ಹನ್ನೊಂದು ನಿಮಿಷ. ಊರೂರು ಸುತ್ತಿದ್ದು ಅದರಲ್ಲಿ ಇಪ್ಪತ್ತೆಂಟು ಸೆಕೆಂಡು. ಆ ಇಪ್ಪತ್ತೆಂಟು ಸೆಕೆಂಡಿನಲ್ಲಿ ಹೊಳೆವ್ವ ಇರಲೇ ಇಲ್ಲ. ಗುತ್ತೆವ್ವ ಒಬ್ಬಳೇ ಇದ್ದಳು, ಬಾಯಿ ಅಗಲ ಮಾಡಿಕೊಂಡು, ಒಂದು ಕೈ ಮೇಲೆತ್ತಿಕೊಂಡು.

ಅವರು ಹಾಡಿದ್ದು ಗುತ್ತೆವ್ವನ ಮೊಮ್ಮಗಳು ಮಾಲಾಳ ನಿಶ್ಚಯದ ದಿನ. ಹುಡುಗಿಯದು ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿ. ಹುಡುಗ ಹುಲಗೇಶನದು ಹಿರೇಕೆರೂರ ಕಡೆಯ ಹಂಸಭಾವಿ. ನಿಶ್ಚಯ ನಡೆದದ್ದು ಹುಡುಗಿಯ ಮನೆಯಲ್ಲಿ. ಹುಡುಗನ ಅಜ್ಜಿ ಹೊಳೆವ್ವ, ಅಪ್ಪ ಚಂದ್ರಪ್ಪ, ಮತ್ತೆ ಒಂದು ಟೆಂಪೋ ತುಂಬ ಬೀಗರು ಬಂದಿದ್ದರು. ಉಂಡು ಕೈತೊಳೆದ ಮೇಲೆ ಎರಡೂ ಕಡೆಯ ಹೆಂಗಸರು ಪಡಸಾಲೆಯಲ್ಲಿ ಎರಡು ಸಾಲಾಗಿ ಕೂತರು. ಬೀಗರ ಹಾಡು ಹೇಳದೆ ಯಾರೂ ಏಳುವಂತಿಲ್ಲ. ಒಂದು ಕಡೆಯವರು ಹಾಡಿನಲ್ಲಿ ಬೈಯಬೇಕು, ಇನ್ನೊಂದು ಕಡೆಯವರು ಅದಕ್ಕಿಂತ ಒಂದು ಕೈ ಮೇಲೆ ಬೈದು ಉತ್ತರ ಕೊಡಬೇಕು. ಬೈಗುಳ ಜೋರಾಗಿದ್ದರೆ ಬೀಗರು ಮನಸ್ಸಿಗೆ ಬಂದಿದ್ದಾರೆ ಎಂದರ್ಥ. ಸುಮ್ಮನೆ ಎಲೆ-ಅಡಿಕೆ ಕೊಟ್ಟು ಕಳಿಸಿದರೆ, ಏನೋ ಕೊಂಕಿದೆ ಎಂದರ್ಥ.

ಗುತ್ತೆವ್ವ ಸೆರಗು ಸಿಕ್ಕಿಸಿಕೊಂಡು ಹಾಡು ಎತ್ತಿದಳು:

ಹಂಸಭಾವಿ ಬೀಗರು ಹಸಕೊಂಡು ಬಂದಾರ
ಹೋಳಿಗಿ ಎಣಿಸುತ್ತ ಕುಂತಾರ, ತಂಗೆವ್ವ
ಕೈಬೆರಳು ಸಾಲದ ಕಾಲ್ಬೆರಳು ಹಿಡಿದಾರ

ಬೀಗತಿ ಕಾಸೀದ ಸಾರೀನ ಗುಂಡ್ಯಾಗ
ಬ್ಯಾಳಿ ಹುಡುಕಾಕ ಈಜುಗಾರ ಇಳಿದಾನ
ಮೂರು ಸಲ ಮುಳುಗಿ ಬರಿಗೈಲೆ ಎದ್ದಾನ

ಹಂಸಭಾವಿಯ ಸಾಲು ಹೋ ಎಂದಿತು. ಹೊಳೆವ್ವನಿಗೆ ಎಪ್ಪತ್ತು ದಾಟಿದೆ. ಆದರೂ ಮಂಡಿಯೂರಿ ಮುಂದಕ್ಕೆ ಸರಿದು, ಗುತ್ತೆವ್ವನ ಗಲ್ಲಕ್ಕೆ ಬೆರಳು ತಿವಿದು ಹಾಡಿದಳು:

ಬೆಂಡಿಗೇರಿ ಬೀಗತಿ ಬಾಯೆಷ್ಟು ದೊಡ್ಡದು
ಬಾಗಿಲ ಇಲ್ಲದ ಊರಗಸಿ, ತಂಗೆವ್ವ
ಹೋಳಿಗಿ ಹದಿನಾರು ಒಳಗ ಹೋದಾವ
ಹೊರಗ ಬಂದದ್ದು ಬರೀ ಹಾಡ

ಚಂದ್ರಪ್ಪ ನಕ್ಕು ನಕ್ಕು, ಕಣ್ಣೊರೆಸಿಕೊಳ್ಳಲು ತನ್ನ ಟವೆಲ್ಲು ಸಾಲದೆ ಪಕ್ಕದವನ ಹೆಗಲಿನದನ್ನೂ ಎಳೆದುಕೊಂಡ. ಅದರ ಹಿಂದೆಯೇ ಇನ್ನೂ ಎಷ್ಟೋ ನುಡಿ ಬಂದವು, ಹೋದವು. ಕೊನೆಗೆ ಇಬ್ಬರು ಮುದುಕಿಯರೂ ಒಬ್ಬರ ಬಾಯಿಗೊಬ್ಬರು ಸವಣೂರ ವೀಳ್ಯದೆಲೆ ಇಟ್ಟು ಎದ್ದರು. ಮದುವೆಗೆ ಇಪ್ಪತ್ತು ದಿನ ಇತ್ತು.

ಗುತ್ತೆವ್ವನ ಸೊಸೆ, ಮಾಲಾಳ ತಾಯಿ ಸುನಿತಾ, ಅತ್ತೆ ಹಾಡುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. ಈಜುಗಾರ ಬರಿಗೈಲೆ ಎದ್ದ ಹೊತ್ತಿಗೆ ಸರಿಯಾಗಿ ಮೊಬೈಲಿನಲ್ಲಿ ಜಾಗ ಮುಗಿಯಿತು. ಸಿಕ್ಕಷ್ಟನ್ನೇ ಆಕೆ ಸ್ಟೇಟಸ್‌ಗೆ ಹಾಕಿದಳು. ಕೆಳಗೆ ‘ನಮ್ಮತ್ತಿ ಸೂಪರ್’ ಎಂದು ಬರೆದು ಮೂರು ಬೆಂಕಿಯ ಚಿತ್ರ ಇಟ್ಟಳು. ಅಭಿಮಾನದಿಂದಲೇ ಇಟ್ಟದ್ದು. ಬೆಂಕಿ ಹತ್ತುತ್ತದೆ ಎಂದು ಅವಳಿಗೇನು ಗೊತ್ತು.

ಒಂದು ವಾರದ ಮೇಲೆ ಗುತ್ತೆವ್ವ ಹಿತ್ತಲಲ್ಲಿ ಕೂತು ಶೇಂಗಾ ಹಸನು ಮಾಡುತ್ತಿದ್ದಾಗ ಮಾಲಾ ಬಂದು ನಿಂತಳು. ಮುಖ ಬಾಡಿತ್ತು.

“ಆಯಿ, ನೀ ಹಾಡಿದ್ದು ಹಂಸಭಾವಿ ಗ್ರೂಪಿಗೆ ಹೋಗೇತಿ.”

“ಹೋಗ್ಲಿ ಬಿಡು. ಚೊಲೋ ಹಾಡೇನಿ.”

“ಚೊಲೋ ಅಂದಿಲ್ಲ ಅವ್ರು. ‘ಹಂಸಭಾವಿ ಮಂದಿಗೆ ಊಟಕ್ಕ ಗತಿ ಇಲ್ಲಂತ, ಎಲ್ಲಾರೂ ನೋಡ್ರಿ, ಎಲ್ಲಾರಿಗೂ ಕಳಸ್ರಿ’ ಅಂತ ಮ್ಯಾಲೆ ಬರದು ಹಾಕ್ಯಾರ. ಬೈದು ಇಟ್ಟಾರ ನಿನ್ನ.”

“ಕೊಡಿಲ್ಲೆ,” ಎಂದು ಗುತ್ತೆವ್ವ ಕೈ ಒರೆಸಿಕೊಂಡು ಮೊಬೈಲು ಇಸಿದುಕೊಂಡಳು. ಅಕ್ಷರ ಕಲಿತದ್ದು ಆಕೆ ಐವತ್ತು ತುಂಬುವ ಹೊತ್ತಿಗೆ, ಮಹಿಳಾ ಸಂಘದವರು ನಡೆಸಿದ ಶಾಲೆಯಲ್ಲಿ. ಈಗಲೂ ಬೆರಳು ಇಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಬೈಗುಳವನ್ನು ಕೂಡಿಸಿ ಓದುವುದು ಇನ್ನೂ ನಿಧಾನ. ಒಂದನ್ನು ಮುಗಿಸಿದರೆ ಕೆಳಗೆ ಇನ್ನೂ ನಾಲ್ಕು ಕಾಯುತ್ತಿದ್ದವು.

“ಇವ ಯಾರು, ‘ಆ ಮುದುಕಿ ನಮ್ಮೂರ ಮಣ್ಣು ತುಳಿಲಿ, ನೋಡಿಕೊಳ್ತೇವಿ’ ಅಂದಾಂವ?”

“ಕನಕಪ್ಪ ಅಂತ. ಅಡ್ಮಿನ್ ಅಂವ. ಗ್ರೂಪಿನ ಯಜಮಾನ ಇದ್ದಂಗ.”

“ಇವರೆಲ್ಲಾ ಹಂಸಭಾವಿಯವ್ರ ಏನು?”

“ಹೂಂ. ಬರೇ ಅವ್ರೇ ಇರೋ ಗ್ರೂಪು. ‘ನಮ್ಮೂರು ನಮ್ಮ ಹೆಮ್ಮೆ’ ಅಂತ ಹೆಸರು. ಹುಲಗೇಶ ನನಗ ಇದನ್ನ ಫೋಟೋ ತಗದು ಕಳಿಸ್ಯಾನ.”

ಗುತ್ತೆವ್ವ ಮೊಬೈಲು ಕಣ್ಣ ಹತ್ತಿರ ತಂದು ಆ ಚೌಕದೊಳಗೆ ಇಣುಕಿದಳು. ಆಕೆಗೆ ಬೈಗುಳಕ್ಕಿಂತ ಬೇರೆಯೇ ಒಂದು ಒಗಟು ಬಿಡಿಸಲಾಗದಂತಾಗಿತ್ತು.

“ಅಲ್ಲಬೇ, ಅಲ್ಲೆ ನಾ ಇಲ್ಲ, ನೀ ಇಲ್ಲ, ನಮ್ಮೂರವರು ಒಬ್ರೂ ಇಲ್ಲ. ಬೈಸಿಕೊಳ್ಳೋರು ಇಲ್ಲದ ಕಡಿ ಕುಂತು ಇವ್ರು ಯಾರಿಗೆ ಬೈಯಾಕತ್ತಾರ?”

“ಒಬ್ರು ಬೈದ್ರ ಇನ್ನೊಬ್ರು ಭೇಷ್ ಅಂತಾರ, ಆಯಿ. ಅಷ್ಟ. ‘ಇದು ಬೀಗರ ಹಾಡಲ್ಲೇನ್ರೋ, ನಮ್ಮಾಯಿನೂ ತಿರುಗಿ ಹಾಡ್ಯಾಳ’ ಅಂತ ಹುಲಗೇಶ ಬರದಿದ್ದ. ಅವನ್ನ ಗ್ರೂಪಿನಿಂದ ತಗದು ಒಗದ್ರು.”

“ಮದುಮಗನ್ನ?”

“ಮದುಮಗನ್ನ.”

ಹಾಗಂತ ಹಿರೇಬೆಂಡಿಗೇರಿಯೇನು ಸುಮ್ಮನಿರಲಿಲ್ಲ. ಇಲ್ಲಿಯೂ ಒಂದು ಗ್ರೂಪು ಇತ್ತು, ‘ಬೆಂಡಿಗೇರಿ ಹುಲಿಗಳು’. ಹುಲಿಗಳಲ್ಲಿ ಅರ್ಧ ಮಂದಿ ಹುಬ್ಬಳ್ಳಿಯಲ್ಲಿಯೂ ಗೋವೆಯಲ್ಲಿಯೂ ಇದ್ದರು. ‘ನಮ್ಮ ಅಜ್ಜಿಯ ತಂಟೆಗೆ ಬಂದರೆ ಹುಷಾರ್’ ಎಂದು ಒಬ್ಬ ಗುಡುಗಿದ್ದ. ‘ಹಂಸಭಾವಿಗೆ ಹೆಣ್ಣು ಕೊಡುವುದೇ ಬಂದ್ ಆಗಲಿ’ ಎಂದು ಇನ್ನೊಬ್ಬ. ಎಲ್ಲದರ ಕೆಳಗೂ ಭೇಷ್ ಎನ್ನುವ ಹೆಬ್ಬೆಟ್ಟು, ಹೆಬ್ಬೆಟ್ಟು. ಇಂಥ ನಲವತ್ತು ಗುಡುಗಿನ ಕೆಳಗೆ ಯಾರೋ ಒಬ್ಬ ಕೇಳಿದ್ದ: ‘ಗುತ್ತೆವ್ವ ಯಾರು?’

ಅದನ್ನು ಓದಿ ಗುತ್ತೆವ್ವನಿಗೆ ನಗು ಬಂತು. ನಗುವುದರೊಳಗೆ ಮಗ ಮಾಳಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಚಂದ್ರಪ್ಪ ಫೋನು ಮಾಡಿದ್ದನಂತೆ.

“ಯವ್ವಾ, ಬೀಗರ ಮಾತು ಸಣ್ಣ ಆಗೇತಿ. ‘ನಾ ಏನೂ ಅನ್ನಂಗಿಲ್ರೀ ಮಾಳಪ್ಪಾರ, ಊರ ಮಂದಿ ಕೇಳವಲ್ರು. ನಿಮ್ಮ ತಾಯಾರು ಒಂದು ವಿಡಿಯೋದಾಗ ತಪ್ಪಾತು ಅಂದು ಕಳಸ್ಲಿ. ಇಲ್ಲಾಂದ್ರ ಮದುವಿ ಮುಂದಕ್ಕ ಹಾಕೂಣು’ ಅಂದ್ರು.”

ಮುಂದಕ್ಕೆ ಹಾಕುವುದು ಎಂದರೆ ಏನು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುಂದಕ್ಕೆ ಹಾಕಿದ ಮದುವೆಗಳು ಮುಂದೆಯೇ ಉಳಿಯುತ್ತವೆ. ಮಾಲಾ ನೆಲ ನೋಡುತ್ತ ನಿಂತಳು. ಹುಲಗೇಶನನ್ನು ಆಕೆಯೇ ಮೆಚ್ಚಿ ಒಪ್ಪಿದ್ದು. ಬೇರೆ ಎರಡು ಸಂಬಂಧ ಬಂದಾಗ ಅಪ್ಪನೆದುರು ಗಟ್ಟಿಯಾಗಿ ನಿಂತು ಬೇಡ ಅಂದವಳು.

“ಎಲ್ಡ ಮಾತು, ಅಂದು ಮುಗಿಸಿಬಿಡು,” ಎಂದ ಮಾಳಪ್ಪ. “ಸುನಿತಾ, ಹಿಡಿ ಮೊಬೈಲು.”

ಗುತ್ತೆವ್ವ ಗೋಡೆಗೆ ಬೆನ್ನು ಕೊಟ್ಟು ಕೂತಳು. ಸೊಸೆ ಮೊಬೈಲು ಹಿಡಿದಳು. “ನಾನು ಗುತ್ತೆವ್ವ ರೀ, ಹಿರೇಬೆಂಡಿಗೇರಿ…” ಎಂದು ಶುರು ಮಾಡಿದ ಮುದುಕಿ ಅಲ್ಲಿಗೇ ನಿಂತಳು. ಸುನಿತಾ ಇನ್ನೊಮ್ಮೆ ಹಿಡಿದಳು. ಮತ್ತೆ ಅಲ್ಲಿಗೇ ನಿಂತಿತು.

“ಆಗಂಗಿಲ್ಲಪಾ,” ಎಂದಳು ಗುತ್ತೆವ್ವ.

“ಯಾಕ ಆಗಂಗಿಲ್ಲ? ನಿನ್ನ ಹಟಕ್ಕ ನನ್ನ ಮಗಳ ಮದುವಿ ಮುರೀಲೇನು?”

“ಹಟ ಅಲ್ಲೋ. ಬೀಗರ ಹಾಡಿಗೆ ತಪ್ಪಾತು ಅನ್ನೂ ರೂಢಿ ಇಲ್ಲ. ನಾ ತಪ್ಪಾತು ಅಂದ್ರ, ಅದು ಹಾಡಾಗಿ ಉಳಿಯಂಗಿಲ್ಲ, ಖರೇನ ಬೈದಂಗ ಆಕ್ಕೇತಿ. ಗೊಟಗೋಡಿ ಊರಾಗ ನಮ್ಮ ದೊಡ್ಡವ್ವನ ಮಗಳ ಮದುವ್ಯಾಗ ಹಿಂಗ ಆಗಿತ್ತು. ಬೀಗತಿ ಮಾರಿ ಸಣ್ಣ ಮಾಡಿದ್ಲು ಅಂತ ಹಾಡಿದಾಕಿ ತಪ್ಪಾತ್ರಿ ಅಂದುಬಿಟ್ಲು. ಅಲ್ಲೀತನಾ ನಕ್ಕೋತ ಇದ್ದ ಮಂದಿ, ‘ಹಂಗಾರ ಅಕಿ ಮನಸಿನ್ಯಾಗ ಇತ್ತು’ ಅಂತ ಸುಮ್ಮನಾದ್ರು. ಆ ಹುಡುಗಿ ಸಾಯೂತನಾ ‘ಬೈದ ಮನಿಯಾಕಿ’ ಅನ್ನಿಸಿಕೊಂಡ ಬಾಳೇ ಮಾಡಿದ್ಲು. ಇವತ್ತು ನಾ ತಪ್ಪಾತು ಅಂದ್ರ ಮಾಲಾನೂ ಹಂಗ ಹೋಗಬೇಕಾಕ್ಕೇತಿ ಆ ಮನಿಗೆ.”

“ಅನ್ನಲಿಲ್ಲಾಂದ್ರ ಹೋಗೂದ ಇಲ್ಲ,” ಎಂದಳು ಮಾಲಾ, ನೆಲದಿಂದ ಕಣ್ಣೆತ್ತಿ.

ಗುತ್ತೆವ್ವ ಶೇಂಗಾದ ಮೊರ ಪಕ್ಕಕ್ಕೆ ಸರಿಸಿ ಎದ್ದಳು. “ನಾಳೆ ಹಂಸಭಾವಿಗೆ ಹೊಂಟೇನಿ,” ಎಂದಳು. “ಮಣ್ಣು ತುಳಿಲಿ ಅಂದಾರಲ್ಲ. ತುಳದು ಬರ್ತೇನಿ.”

ಮಾರನೆಯ ದಿನ ಬೆಳಿಗ್ಗೆ ಅತ್ತೆ ಸೊಸೆ ಹೊರಟರು. ಸುನಿತಾ ದಾರಿಯುದ್ದಕ್ಕೂ “ನಾನರ ಯಾಕ ಹಾಕಿದ್ನೋ” ಎಂದು ಅಲವತ್ತುಕೊಳ್ಳುತ್ತಿದ್ದಳು. ಶಿಗ್ಗಾವಿಯಿಂದ ಹಾನಗಲ್ಲಿಗೆ ಬಂದು ಹಿರೇಕೆರೂರ ಬಸ್ಸಿಗೆ ಕಾಯುತ್ತ ಕೂತಾಗ, ಪ್ಯಾಂಟು ಹಾಕಿದ್ದ ನಡುವಯಸ್ಸಿನವನೊಬ್ಬ ಗುತ್ತೆವ್ವನನ್ನು ಮೂರು ಸಲ ನೋಡಿ, ಹತ್ತಿರ ಬಂದ.

“ನೀವು ಬ್ಯಾಳಿ ಅಜ್ಜಿ ಅಲ್ಲೇನ್ರಿ?”

“ಯಾವ ಬ್ಯಾಳಿ?”

“ಈಜುಗಾರಾ ಇಳಿದಾನಲ್ರಿ! ಅಂಜಬ್ಯಾಡ್ರಿ ಅಜ್ಜಿ, ನಾವೆಲ್ಲಾ ನಿಮ್ಮ ಕಡೆ. ನಮ್ಮ ಗ್ರೂಪಿನ್ಯಾಗ ಎಲ್ಲಾರೂ ನಿಮ್ಮ ಕಡೆ ಅದಾರ. ನಿಮ್ಮ ಕಡೆ ಇಲ್ಲದವರನ್ನ ತಗದೇವಿ.”

“ನಿಮ್ಮೂರು ಬೆಂಡಿಗೇರಿ ಏನಪಾ?”

“ಇಲ್ರಿ. ಹಾನಗಲ್ಲ.”

“ಬೀಗರೇನು?”

“ಯಾರೂ ಅಲ್ರಿ. ನೋಡಿದ್ವಿ, ಸಿಟ್ಟು ಬಂತು.”

ಗುತ್ತೆವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಈ ಮನುಷ್ಯನಿಗೆ ಬೆಳಗಿನ ಹೊತ್ತು ಮಾಡಲು ಬೇರೆ ಕೆಲಸ ಇರಲಿಲ್ಲವೇ ಎಂದು ಕೇಳುವ ಆಸೆಯಾಯಿತು. ಕೇಳುವಷ್ಟರಲ್ಲಿ ಆತ ಪಕ್ಕಕ್ಕೆ ನಿಂತು ಕೈ ಚಾಚಿ ಫೋಟೋ ಹೊಡೆದುಕೊಂಡು, “ಬಿಡಬ್ಯಾಡ್ರಿ ಅಜ್ಜಿ ಅವರನ್ನ,” ಎಂದು ಹೇಳಿ ಹೋಗಿಯೇಬಿಟ್ಟ.

ಹಂಸಭಾವಿಯಲ್ಲಿ ಚಂದ್ರಪ್ಪನ ಮನೆ ಬಸ್‌ಸ್ಟ್ಯಾಂಡಿನಿಂದ ದೂರವಲ್ಲ. ಹೊಸ್ತಿಲಲ್ಲಿ ಹೊಳೆವ್ವ ಕೂತಿದ್ದಳು. ಬೀಗತಿಯನ್ನು ಕಂಡವಳೇ ಏಳದೆ, ನೀರೂ ಕೇಳದೆ, ಸಿಟ್ಟಿನಿಂದ ಕೈ ತಿರುವಿದಳು.

“ಬಂದ್ಯಾ? ಬಾ. ನನ್ನ ಹದಿನಾರು ಹೋಳಿಗಿ ಎಲ್ಲಿಟ್ಟೀ?”

“ಏನಬೇ?”

“ನಾ ಹಾಡಿದ್ದು ಎಲ್ಲಿ ಹೋತು ಅಂತೇನಿ! ಹುಟ್ಟಿದಾಗಿಂದ ಅಂಥಾ ನುಡಿ ಬಿದ್ದಿದ್ದಿಲ್ಲ ನನ್ನ ಬಾಯಿಗೆ. ಊರಾಗ ಹೊಂಟ್ರ ಎಲ್ಲಾರೂ ‘ಅಯ್ಯ ಪಾಪ ಹೊಳೆವ್ವ, ಬೈಸಿಕೊಂಡು ಬಂದ್ಯಂತಲ್ಲಬೇ’ ಅಂತಾರ. ನನಗ ಪಾಪ ಅಂತಾರ! ನಿನ್ನ ಬಾಯಿ ಮುಚ್ಚಿಸಿ ಬಂದಾಕಿಗೆ!”

“ಮುಚ್ಚಿಸಿದ್ದೇನಿಲ್ಲ. ಆಮ್ಯಾಲೆ ನಾ ಮತ್ತೊಂದು ಹಾಡೇನಿ.”

“ಅದು ಸಪ್ಪಗಿತ್ತು ಬಿಡು.”

ಚಂದ್ರಪ್ಪ ಒಳಗಿಂದ ಬಂದ. ಒಳ್ಳೆಯ ಮನುಷ್ಯ, ಆದರೆ ಆ ಒಂದು ವಾರದಲ್ಲಿ ಮುಖ ಇಳಿದುಹೋಗಿತ್ತು. ಕೈಯಲ್ಲಿ ಮೊಬೈಲು. ಬರ್ರಿ, ಕುಂಡ್ರಿ ಎಂದ. ತಪ್ಪಾತು ಎನ್ನಲು ಬಂದಿದ್ದಾರೆ ಎಂದು ಅಂದುಕೊಂಡು ಸ್ವಲ್ಪ ಹಗುರಾದ.

“ತಪ್ಪಾತು ಅನ್ನಾಕ ಬಂದಿಲ್ರೀ ಚಂದ್ರಪ್ಪಾರ,” ಎಂದಳು ಗುತ್ತೆವ್ವ. “ಅವತ್ತು ನೀವು ನಕ್ಕಿದ್ರಿ. ಖರೇನೋ ಸುಳ್ಳೋ?”

“ನಕ್ಕಿದ್ದೆ ರೀ.”

“ಮತ್ತ ಗ್ರೂಪಿನ್ಯಾಗ ಹೇಳಲಿಲ್ಲಲ್ರಿ, ನಾ ಅಲ್ಲೇ ಇದ್ದೆ, ನಕ್ಕೆ ಅಂತ?”

ಚಂದ್ರಪ್ಪ ಟವೆಲ್ಲು ಸರಿಮಾಡಿಕೊಂಡ. “ಇನ್ನೂರಾ ಹದಿನಾಕು ಮಂದಿ ಬೈಯಾಕತ್ತಾಗ ನಾ ಒಬ್ಬಾಂವ ನಕ್ಕೆ ಅಂತ ಹೆಂಗ ಬರೀಲ್ರಿ?”

ಹೊಳೆವ್ವ ತಡೆಯಲಾರದೆ ನೆಲ ಬಡಿದಳು. “ಏ ಸುನಿತಾ, ತಗಿ ನಿನ್ನ ಮೊಬೈಲು. ಮೊದಲಿಂದ ಹಾಡ್ತೇವಿ. ಕಡೀತನಾ ಹಿಡಿ. ಅರ್ಧಕ್ಕ ನಿಂತ್ರ ನಿನ್ನ ಕೈ ಮುರೀತೇನಿ.”

ಸುನಿತಾ ಹಬ್ಬದ ಫೋಟೋ, ದೇವರ ಫೋಟೋ, ಗುಡ್ ಮಾರ್ನಿಂಗ್ ಹೂವು ಎಲ್ಲವನ್ನೂ ಅಳಿಸಿ ಜಾಗ ಮಾಡಿದಳು. ಇಬ್ಬರು ಮುದುಕಿಯರೂ ಪಡಸಾಲೆಯಲ್ಲಿ ಎದುರುಬದುರು ಕೂತು ಮೊದಲಿನಿಂದ ಹಾಡಿದರು. ಹೊಳೆವ್ವ ಈ ಸಲ ಗಲ್ಲಕ್ಕೆ ತಿವಿದದ್ದು ಸ್ವಲ್ಪ ಜೋರಾಗಿಯೇ ಇತ್ತು. ಚಂದ್ರಪ್ಪ ಬೇಡ ಬೇಡವೆಂದುಕೊಂಡೇ ಮತ್ತೆ ನಕ್ಕ. ಒಂದು ನುಡಿಯೂ ಬಿಡದೆ ಹನ್ನೊಂದು ನಿಮಿಷ ದಾಖಲಾಯಿತು. ಚಂದ್ರಪ್ಪ ಧೈರ್ಯ ಮಾಡಿ ಅದನ್ನು ಗ್ರೂಪಿಗೆ ಹಾಕಿದ. ‘ಪೂರ್ತಿ ಹಾಡು ಇಲ್ಲಿದೆ, ಎಲ್ಲರೂ ಕೊನೆಯವರೆಗೆ ನೋಡಬೇಕಾಗಿ ವಿನಂತಿ’ ಎಂದು ಬರೆದ. ಬರೆದು, ಎದೆಯ ಮೇಲಿನ ಕಲ್ಲು ಇಳಿಸಿದವನಂತೆ ಉಸಿರು ಬಿಟ್ಟ.

ಎಲ್ಲರೂ ರೊಟ್ಟಿ ಮುರಿದು ಬಾಯಿಗಿಡುವುದರೊಳಗೆ ಟಣ್ ಎಂದಿತು. ಮತ್ತೆ ಟಣ್. ಆಮೇಲೆ ಎಡೆಬಿಡದೆ.

“ಏನಂತಾರ?” ಎಂದು ಹೊಳೆವ್ವ ಆಸೆಯಿಂದ ಕೇಳಿದಳು. “ನನ್ನ ನುಡಿಗೆ ಏನಂದ್ರು?”

ಚಂದ್ರಪ್ಪ ಓದಿದ. ‘ನಮ್ಮೂರಿಗೇ ಬಂದು ಮತ್ತೆ ಬೈದಿದ್ದಾಳೆ.’ ‘ಅದೂ ಚಂದ್ರಪ್ಪನ ಮನೆಯಲ್ಲಿ ಕೂತು.’ ‘ಕರೆಸಿ ಬೈಸಿಕೊಂಡವನಿಗೆ ಏನನ್ನಬೇಕು?’ ಚಂದ್ರಪ್ಪ ‘ಪೂರ್ತಿ ನೋಡ್ರಪಾ’ ಎಂದು ಬರೆದ. ‘ಹನ್ನೊಂದು ನಿಮಿಷ ಯಾರು ನೋಡ್ತಾರ? ಮೊದಲಿಂದು ನೋಡಿದ್ರ ಸಾಕು’ ಎಂದು ಉತ್ತರ ಬಂತು. ಇನ್ನೊಬ್ಬ ‘ಬೀಗರ ಚಮಚಾ’ ಎಂದ. ಅದಕ್ಕೆ ಮೂವತ್ತು ಹೆಬ್ಬೆಟ್ಟು ಬಿದ್ದವು. ಚಂದ್ರಪ್ಪ ಇನ್ನೇನೋ ಬರೆಯಲು ಹೋದ. ಬರೆಯಲು ಜಾಗವೇ ಇರಲಿಲ್ಲ.

“ನನ್ನ ತಗದ್ರು,” ಎಂದ. ಊರಗಸಿಯ ಬಾಗಿಲು ಹಾಕಿ ಹೊರಗೆ ನಿಲ್ಲಿಸಿದ್ದಾರೇನೋ ಎನ್ನುವಂತಿತ್ತು ಮುಖ. “ಯವ್ವಾ, ನನ್ನ ತಗದ್ರು!”

“ತಗದ್ರ ಏನಾತು? ನಿನ್ನ ಮನಿ ಇಲ್ಲೇ ಐತಿ. ರೊಟ್ಟಿ ತಿನ್ನು.”

“ನಿನಗ ತಿಳ್ಯಂಗಿಲ್ಲ. ಮದುವಿ ಇಲ್ಲೇ, ನಮ್ಮ ಮನಿ ಮುಂದ. ಊರವರು ಒಬ್ರೂ ಬರಲಿಲ್ಲಾಂದ್ರ ಅಕ್ಷತಾ ಹಾಕೋರು ಯಾರು, ಬಡಸೋರು ಯಾರು? ಊರು ಬಿಟ್ಟು ಮಗನ ಮದುವಿ ಮಾಡ್ಲೇನು ನಾನು? ಬೀಗರ, ಸಿಟ್ಟಾಗಬ್ಯಾಡ್ರಿ. ಮುಂದಕ್ಕ ಹಾಕೂದ ಚೊಲೋ.”

ಒಲೆಯ ಹತ್ತಿರ ನಿಂತಿದ್ದ ಹುಲಗೇಶ ಕೈಯಲ್ಲಿದ್ದ ಚರಿಗೆಯನ್ನು ಸಪ್ಪಳ ಬರುವಂತೆ ಕೆಳಗಿಟ್ಟು ಹೊರಗೆ ಹೋದ. ಸುನಿತಾ ಸೆರಗು ಕಣ್ಣಿಗೆ ಒತ್ತಿಕೊಂಡಳು. ಗುತ್ತೆವ್ವ ಮಾತ್ರ ತಾಟಿನಲ್ಲಿದ್ದ ರೊಟ್ಟಿಯನ್ನು ತಿಂದು ಮುಗಿಸಿದಳು. ಹಸಿದಿದ್ದಳು. ಮೇಲಾಗಿ, ಅಕ್ಷರ ಕೂಡಿಸಿ ಓದುವವರಿಗೆ ಆತುರದ ಅಭ್ಯಾಸ ಇರುವುದಿಲ್ಲ.

“ಚಂದ್ರಪ್ಪಾರ, ಆ ಇನ್ನೂರಾ ಹದಿನಾಕು ಮಂದಿ ಎಲ್ಲಾರೂ ಬೈದಾರೇನು?”

“ಎಲ್ಲಾರೂ ಅಲ್ರಿ. ಹೆಬ್ಬೆಟ್ಟು ಒತ್ತ್ಯಾರ.”

“ಬಾಯಿ ಬಿಟ್ಟು ಬೈದವರು ಎಷ್ಟು ಮಂದಿ? ಹೆಸರು ಹೇಳ್ರಿ.”

ಹೆಸರು ಎಣಿಸಿದರು. ಹತ್ತೊಂಬತ್ತು. ಅದರಲ್ಲಿ ಪುಣೆಯಲ್ಲಿದ್ದವರು, ಗೋವೆಯಲ್ಲಿದ್ದವರು, ಹುಬ್ಬಳ್ಳಿಯವರು, ಊರಿನ ಮುಖ ನೋಡದೆ ಆರು ವರ್ಷವಾದವರು, ಇವರನ್ನೆಲ್ಲ ಬಿಟ್ಟರೆ ಹಂಸಭಾವಿಯ ನೆಲದ ಮೇಲೆ ಇದ್ದವರು ಏಳು ಮಂದಿ.

“ಆ ಏಳು ಮನಿ ತೋರಿಸ್ರಿ,” ಎಂದಳು ಗುತ್ತೆವ್ವ ಎದ್ದು ನಿಂತು. “ಕರದು ಬರ್ತೇನಿ ಮದುವಿಗೆ.”

“ಅಯ್ಯ, ಹೆಣ್ಣಿನ ಕಡೆಯವ್ರು ಗಂಡಿನ ಊರಾಗ ಮನಿಮನಿ ಕರಿಯೂ ಪದ್ಧತಿ ಇಲ್ರಿ ಬೀಗರ.”

“ಅರ್ಧಾ ಹಾಡು ಕೇಳಿ ಮದುವಿ ಮುರಿಯೂ ಪದ್ಧತಿ ಇತ್ತೇನು?” ಎಂದು ಹೊಳೆವ್ವ ಮಗನ ಮೇಲೆ ಏರಿಬಂದಳು. ಒಳಗೆ ಹೋಗಿ ಅರಿಷಿಣದ ಅಕ್ಕಿಯ ಬಟ್ಟಲು ತಂದಳು. “ನಡಿಬೇ. ನಾನೂ ಬರ್ತೇನಿ.”

ಹೀಗೆ ಇಬ್ಬರು ಮುದುಕಿಯರು ಮುಂದೆ, ತಲೆ ತಗ್ಗಿಸಿದ ಚಂದ್ರಪ್ಪ ಹಿಂದೆ, ಹೊರಟರು. ಮೊದಲನೆಯದು ಕನಕಪ್ಪನ ಅಂಗಡಿ. ಬೀಜ-ಗೊಬ್ಬರದ ಅಂಗಡಿ. ಮೆಟ್ಟಿಲ ಮೇಲೆ ಗುತ್ತೆವ್ವ ಗಟ್ಟಿಯಾಗಿ ಎರಡು ಹೆಜ್ಜೆ ಹಾಕಿದಳು.

“ನೀವೇನಪಾ ಕನಕಪ್ಪ? ನಿಮ್ಮೂರ ಮಣ್ಣು ತುಳದೇನಿ. ನೋಡಿಕೊಳ್ತೇವಿ ಅಂದಿದ್ರಿ. ನೋಡಿಕೋರಿ.”

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮನುಷ್ಯ ಕಕ್ಕಾಬಿಕ್ಕಿಯಾಗಿ ಎದ್ದ. ನಲವತ್ತರ ಆಸುಪಾಸು, ಹಣೆಗೆ ವಿಭೂತಿ. ಗೊಬ್ಬರದ ಚೀಲದ ಮೇಲಿದ್ದ ಧೂಳು ಕೊಡವಿ, ಅದು ಸಾಲದೆನಿಸಿ, ತನ್ನ ಕುರ್ಚಿಯನ್ನೇ ಎತ್ತಿ ತಂದಿಟ್ಟ.

“ಕುಂಡ್ರಿ ಆಯಿ, ಕುಂಡ್ರಿ. ಬಿಸಲಾಗ ಬಂದೀರಿ. ಏ, ಮೂರು ಚಾ ಹೇಳ್ರೋ!”

“ಚಾ ಆಮ್ಯಾಲೆ. ಹಾಡು ಪೂರಾ ಕೇಳೀರೇನು?”

“ಇಲ್ರಿ. ಅಷ್ಟುದ್ದದ್ದು…”

“ಹೋಗ್ಲಿ, ಮೊದಲಿಂದು? ಇಪ್ಪತ್ತೆಂಟು ಸೆಕೆಂಡಿಂದು?”

ಕನಕಪ್ಪ ತಲೆ ಕೆರೆದುಕೊಂಡ. “ಖರೇ ಹೇಳಬೇಕಂದ್ರ, ಅವತ್ತು ನೆಟ್ ಸರಿ ಇದ್ದಿಲ್ರಿ. ವಿಡಿಯೋ ತಗದು ನೋಡಲಿಲ್ಲ. ಮ್ಯಾಲೆ ಬರದಿದ್ದು ಓದಿದೆ. ಸಿಟ್ಟು ಬಂತು.”

ಗುತ್ತೆವ್ವ ಹೊಳೆವ್ವನ ಮುಖ ನೋಡಿದಳು. ಹೊಳೆವ್ವ ಆಕಾಶ ನೋಡಿದಳು.

“ಬೈಬೇಕಂದ್ರ ಈಗ ಬೈರಿ,” ಎಂದಳು ಗುತ್ತೆವ್ವ. “ಎದುರಿಗೆ ಅದೇನಿ. ನೀವು ಬೈರಿ, ನಾ ತಿರುಗಿ ಬೈತೇನಿ. ಅಲ್ಲಿಗೆ ಲೆಕ್ಕಾ ಮುಗೀತು.”

“ಛೇ ಛೇ, ನಿಮಗ ಹೆಂಗ ಬೈಲಿ ಆಯಿ? ನಮ್ಮವ್ವನಂಗ ಅದೀರಿ.”

“ಕಣ್ಣಿಗೆ ಕಂಡಕೂಡ್ಲೇ ಅವ್ವ. ಕಾಣದಿದ್ರ ಮುದುಕಿ. ಇದ್ಯಾವ ನ್ಯಾಯನಪಾ?”

“ಗ್ರೂಪಿನ್ಯಾಗ ಹಂಗ ಬರೀತೇವ್ರಿ. ನಾ ಬರೀಲಿಲ್ಲಾಂದ್ರ ‘ಅಡ್ಮಿನ್ ತಣ್ಣಗದಾನ’ ಅಂತಾರ. ಬ್ಯಾರೆದವ್ರಿಗೆ ಭಾಳ ಸಿಟ್ಟು ಐತ್ರಿ. ನನಗ ಅಷ್ಟಿಲ್ಲ.”

ಚಹಾ ಬಂತು. ಹೊಳೆವ್ವ ಅವನ ಅಂಗೈಗೆ ನಾಲ್ಕು ಕಾಳು ಅಕ್ಷತೆ ಹಾಕಿದಳು. ಕನಕಪ್ಪ ಕಣ್ಣಿಗೆ ಒತ್ತಿಕೊಂಡ. ಹೆಂಡತಿ ಮಕ್ಕಳ ಸಮೇತ ಬರುತ್ತೇನೆ, ಪಂಕ್ತಿಗೆ ನಿಂತು ಬಡಿಸುತ್ತೇನೆ ಎಂದ.

“ಹಂಗಾರ ಅದನ್ನ ಗ್ರೂಪಿನ್ಯಾಗ ಹಾಕು ಮಾರಾಯಾ,” ಎಂದು ಚಂದ್ರಪ್ಪ ಜೀವ ಬಂದವನಂತೆ ಹೇಳಿದ.

ಕನಕಪ್ಪ ಹೊರಗೆ ಇಣುಕಿ ನೋಡಿ ಧ್ವನಿ ಇಳಿಸಿದ. “ಅದೊಂದು ಬ್ಯಾಡಪಾ ಚಂದ್ರಪ್ಪಣ್ಣ. ಬರ್ತೇನಿ ಅಂದೇನಲ್ಲ, ಬರ್ತೇನಿ. ಹೇಳಾಕ ಮಾತ್ರ ಹೋಗಬ್ಯಾಡ.”

ಎರಡನೆಯ ಮನೆಯಲ್ಲಿಯೂ ಅದೇ ಆಯಿತು. ಮೂರನೆಯದರಲ್ಲಿ ‘ಅವ್ರು ಮನ್ಯಾಗ ಇಲ್ರಿ’ ಎಂದು ಹೆಂಡತಿ ಹೇಳಿದಳು, ಅವರ ಚಪ್ಪಲಿ ಬಾಗಿಲಲ್ಲೇ ಇತ್ತು. ಹೊಳೆವ್ವ ಹೊರಗಿನಿಂದಲೇ ಹೆಸರು ಹಿಡಿದು ಕೂಗಿದ ಮೇಲೆ ಅವರು ಹಿತ್ತಲಿಂದ ಬಂದರು. ಒಬ್ಬ ಗುತ್ತೆವ್ವನ ಕಾಲಿಗೆ ನಮಸ್ಕಾರ ಮಾಡಿದ. ಇನ್ನೊಬ್ಬ ತನ್ನ ಮಗಳ ಮದುವೆಗೂ ಹಾಡಲು ಬರಬೇಕೆಂದು ಕೇಳಿಕೊಂಡ. ಎಲ್ಲರೂ ಚಹಾ ಕೊಟ್ಟರು, ಎಲ್ಲರೂ ಬರುತ್ತೇವೆಂದರು, ಎಲ್ಲರೂ ಬೀಳ್ಕೊಡುವಾಗ ಒಂದೇ ಮಾತು ಹೇಳಿದರು: ನನಗೇನಿಲ್ಲ, ಉಳಿದವರಿಗೆ ಭಾಳ ಸಿಟ್ಟಿದೆ, ಅವರಿಗೆ ತಿಳಿಸಬೇಡಿ. ಆರು ಮಂದಿ, ಉಳಿದ ಐವರಿಗೆ ಅಂಜಿಕೊಂಡು, ಒಬ್ಬರಿಗಿಂತ ಒಬ್ಬರು ಜೋರಾಗಿ ಬೈದಿದ್ದರು. ಆರನೆಯ ಮನೆಯಲ್ಲಿ ಗುತ್ತೆವ್ವ ತನ್ನ ಚಹಾವನ್ನು ಹೊಳೆವ್ವನ ಕಡೆ ಸರಿಸಿದಳು.

ಏಳನೆಯವನು ಫಕ್ಕೀರೇಶ. ಆತ ಕುರ್ಚಿ ಹಾಕಲಿಲ್ಲ, ಚಹಾ ಕೇಳಲಿಲ್ಲ.

“ನನಗ ಸಿಟ್ಟು ಐತಿ,” ಎಂದ ಬಾಗಿಲಲ್ಲೇ ನಿಂತು. “ಹಾಡಿಗಲ್ಲ. ಹಾಡು ಯಾವಾನಿಗೆ ಬೇಕು. ಟೆಂಪೋ ತುಂಬಿಸಿಕೊಂಡು ನಿಶ್ಚಯಕ್ಕ ಹೋದ್ರು. ಮಗ್ಗಲ ಹೊಲದಾಂವ ನಾನು, ನನ್ನ ಕರಿಲಿಲ್ಲ. ಕೇಳ್ರಿ ಈ ಚಂದ್ರಪ್ಪಗ, ಯಾಕ ಕರಿಲಿಲ್ಲ ಅಂತ.”

ಆ ದಿನದಲ್ಲಿ ಮೊದಲ ಸಲ ಗುತ್ತೆವ್ವನಿಗೆ ಒಬ್ಬ ಮನುಷ್ಯ ಸಿಕ್ಕಂತಾಯಿತು. ಚಂದ್ರಪ್ಪ ಜಾಗ ಸಾಲಲಿಲ್ಲ ಎಂದ. ಫಕ್ಕೀರೇಶ ಟೆಂಪೋದಲ್ಲಿ ಕೂತವರ ಹೆಸರನ್ನು ಒಂದೊಂದಾಗಿ ಹೇಳಿ, ಅವರಲ್ಲಿ ತನಗಿಂತ ದೂರದವರು ಯಾರು ಯಾರು ಎಂದು ಬಿಡಿಸಿಟ್ಟ. ಕಾಲು ತಾಸು ಇಬ್ಬರೂ ಏರುದನಿಯಲ್ಲಿ ಜಗಳಾಡಿದರು. ಕೊನೆಗೆ ಚಂದ್ರಪ್ಪ, “ತಪ್ಪಾತು ಮಾರಾಯಾ, ಮರತೆ,” ಎಂದ. ಫಕ್ಕೀರೇಶ ಅಕ್ಷತೆಗೆ ಕೈಯೊಡ್ಡಿದ. “ಬರ್ತೇನಿ,” ಎಂದ. “ಯಾರಿಗೆ ಬೇಕಾದ್ರೂ ಹೇಳ್ಕೋ.”

ವಾಪಸು ಬರುವಾಗ ಚಂದ್ರಪ್ಪ ದಾರಿಯಲ್ಲಿಯೇ ನಿಂತು ಮಾಳಪ್ಪನಿಗೆ ಫೋನು ಮಾಡಿದ. ಮದುವೆ ಅದೇ ದಿನ, ಅದೇ ಮುಹೂರ್ತ ಎಂದ. ಆ ಕಡೆಯಿಂದ ಮಾಲಾ ಅಪ್ಪನ ಕೈಯಿಂದ ಮೊಬೈಲು ಕಸಿದುಕೊಂಡಳೆಂದು ತೋರುತ್ತದೆ. “ಆಯಿ, ತಪ್ಪಾತು ಅಂದ್ಯೇನು?” ಎಂದು ಕೇಳಿದಳು.

“ಅನ್ನಲಿಲ್ಲವ್ವ,” ಎಂದಳು ಗುತ್ತೆವ್ವ, ಚಂದ್ರಪ್ಪನ ಮೊಬೈಲು ಇಸಿದುಕೊಂಡು. “ಅನ್ನಸಿಕೊಳ್ಳಾಕ ಯಾರೂ ಇದ್ದಿದ್ದಿಲ್ಲ.”

ಮದುವೆಯ ದಿನ ಚಂದ್ರಪ್ಪನ ಮನೆ ಮುಂದಿನ ಚಪ್ಪರ ತುಂಬಿತ್ತು. ಏಳೂ ಮಂದಿ ಬಂದಿದ್ದರು. “ನೀನೂ ಬಂದೀಯೇನು?” “ಸುಮ್ಮನ, ಹಿಂಗ ಹೊಂಟಿದ್ದೆ” ಎಂದು ಒಬ್ಬರನ್ನೊಬ್ಬರು ಕಂಡು ಮುಜುಗರಪಟ್ಟರು. ಹುಲಗೇಶ ತಾಳಿ ಕಟ್ಟಿದ. ಮಾಲಾ ತಲೆ ಎತ್ತಿ ಅಜ್ಜಿಯನ್ನು ಹುಡುಕಿ ನಕ್ಕಳು. ಅಕ್ಷತೆ ಬಿದ್ದವು. ಪಂಕ್ತಿ ಕೂತಿತು.

ಕನಕಪ್ಪ ಹೇಳಿದ ಮಾತಿಗೆ ತಪ್ಪದೆ ಪಂಚೆ ಎತ್ತಿ ಕಟ್ಟಿ ಅನ್ನದ ಬುಟ್ಟಿ ಹಿಡಿದಿದ್ದ. ಸಾಲಿನ ನಡುವೆ ಒಮ್ಮೆಲೇ ನಿಂತು, ಬುಟ್ಟಿ ಕೆಳಗಿಟ್ಟು, ಜೇಬಿನಿಂದ ಮೊಬೈಲು ತೆಗೆದ. ಎಲೆಯ ಮುಂದೆ ಕೂತಿದ್ದ ಗುತ್ತೆವ್ವ ಕತ್ತು ಚಾಚಿ ನೋಡಿದಳು. ಬೆರಳು ಇಡದೆ ಕೂಡಿಸಿ ಓದುವುದು ಕಷ್ಟವಾಯಿತು, ಆದರೂ ಓದಿದಳು. ಪುಣೆಯಿಂದ ಯಾರೋ ಬರೆದಿದ್ದ: ‘ಇಂದು ಇಡೀ ಹಂಸಭಾವಿ ಈ ಮದುವೆಗೆ ಬಹಿಷ್ಕಾರ ಹಾಕಿದೆ. ನಮ್ಮೂರಿನ ಒಗ್ಗಟ್ಟಿಗೆ ಜೈ.’ ಕೆಳಗೆ ಐವತ್ತು ಹೆಬ್ಬೆಟ್ಟು. ಎದುರಿನ ಸಾಲಿನಲ್ಲಿ ಹೋಳಿಗೆ ಮುರಿಯುತ್ತಿದ್ದವರಲ್ಲಿ ಮೂವರು ಎಡಗೈಯಲ್ಲಿ ಮೊಬೈಲು ಹಿಡಿದಿದ್ದರು. ಕನಕಪ್ಪ ಆ ಕಡೆ ಈ ಕಡೆ ನೋಡಿ, ತಾನೂ ಒಂದು ಹೆಬ್ಬೆಟ್ಟು ಒತ್ತಿದ.

“ಏನಪಾ ಅದು?” ಎಂದಳು ಗುತ್ತೆವ್ವ.

“ಏನಿಲ್ರಿ ಆಯಿ. ಒತ್ತದಿದ್ರ ಸಂಶೇ ಪಡ್ತಾರ.”

ಅಷ್ಟರಲ್ಲಿ ಸಾಲಿನ ತುದಿಯಿಂದ ಫಕ್ಕೀರೇಶ ಖಾಲಿ ಎಲೆ ಬಡಿದು ಅನ್ನ ಅನ್ನ ಎಂದು ಕೂಗತೊಡಗಿದ್ದ.

“ಕೈ ತೊಳಕೊಂಡು ಬಂದು ಬಡಸಪಾ,” ಎಂದಳು ಗುತ್ತೆವ್ವ. “ಊರಿಗೆ ಊರೇ ಹಸಕೊಂಡು ಕುಂತೇತಿ.”